ಸಿಕ್ಕ ಮೊಳೆ, ಸಿಗದ ತಂತಿ

ನಮ್ಮ ಪಂಚರ್ ಅಂಗಡಿಯಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಪುಟಾಣಿ ಚಕ್ರದಿಂದ ಹಿಡಿದು ಟ್ರ್ಯಾಕ್ಟರಿನ ಮುಂದಿನ ಗಾಲಿಯವರೆಗೆ ಎಲ್ಲವೂ ನನ್ನ ಪಾಲು. ಹಿಂದಿನ ದೊಡ್ಡ ಗಾಲಿ ಮಾತ್ರ ಮಾವನದು. ಹನ್ನೊಂದು ವರ್ಷದಿಂದ ಕೇಳುತ್ತಿದ್ದೇನೆ, ಮುಟ್ಟಗೊಡಲಿಲ್ಲ. ನನಗೋ ಮೂಗಿನ ತುದಿಯಲ್ಲೇ ಕೋಪ. ಆದರೆ ಗಂಡನ ಅಪ್ಪ, ಮೇಲಾಗಿ ಕೆಲಸ ಕಲಿಸಿದವರು. ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ.

ಆ ದಿನ ಮಾವನಿಗೆ ಸೊಂಟ ಹಿಡಿದುಕೊಂಡಿತ್ತು. ಬೆಳಗ್ಗೆ ಎಂಟಕ್ಕೇ ಹುಲ್ಲಣ್ಣ ತನ್ನ ಟ್ರ್ಯಾಕ್ಟರನ್ನು ಕುಂಟಿಸಿಕೊಂಡು ಬಂದ. ಆಟದ ಮೈದಾನಗಳ ಹುಲ್ಲು ಕತ್ತರಿಸುವುದು ಅವನ ಕಸುಬು, ಹೆಸರು ಬಂದದ್ದೂ ಅದರಿಂದಲೇ. ಬಲಗಡೆಯ ಹಿಂದಿನ ಗಾಲಿ ಒಂದೇ ತಿಂಗಳಲ್ಲಿ ಮೂರನೇ ಸಲ ಕೂತಿತ್ತು. ಎರಡು ಸಲವೂ ಪ್ಯಾಚ್ ಹಾಕಿದ್ದು ಮಾವ.

"ಎಲ್ಲೆಲ್ಲೋ ಓಡಿಸ್ತೀಯ, ಮುಳ್ಳು ಚುಚ್ಚದೆ ಇನ್ನೇನು?" ಎಂದು ಮಾವ ಕುರ್ಚಿಯಿಂದಲೇ ಗದರಿದರು.

"ನಾನು ಓಡಿಸೋದು ಹುಲ್ಲಿನ ಮೇಲೆ ಯಜಮಾನ್ರೇ, ಮುಳ್ಳಿನ ಮೇಲಲ್ಲ."

ಕುಣಿಯಲಾರದವರು ನೆಲ ಡೊಂಕು ಅಂದ ಹಾಗಾಯಿತು ಎಂದುಕೊಂಡೆ. ಜಾಕಿ ಎತ್ತಿಕೊಂಡೆ. "ಇವತ್ತು ನಾನು ಮಾಡ್ತೀನಿ ಮಾವ."

ಮಾವ ಸೊಂಟ ನೀವಿಕೊಂಡರು. "ಮಾಡು. ಗಾಳಿ ನಿಂತ್ರೆ ದೊಡ್ಡ ಗಾಲಿ ಇನ್ಮೇಲೆ ನಿಂದು. ವಾಪಸ್ ಬಂತೋ, ಈ ಮಾತು ಮತ್ತೆ ಎತ್ತಬಾರದು."

ಟ್ರ್ಯಾಕ್ಟರನ್ನು ಜಾಕಿಯ ಮೇಲೆ ನಿಲ್ಲಿಸಿ, ಗಾಲಿ ತಿರುಗಿಸಿ ವಾಲ್ವನ್ನು ಕೆಳಕ್ಕೆ ತಂದು ಬಿಚ್ಚಿದೆ. ನೆಲ ಕಚ್ಚಿ ಎಳೆಯಲೆಂದು ಈ ಗಾಲಿಗಳಿಗೆ ಗಾಳಿಯ ಜೊತೆಗೆ ನೀರೂ ತುಂಬಿರುತ್ತಾರೆ. ಇನ್ನೂರು ಲೀಟರ್ ನೀರು ಭೋರೆಂದು ಅಂಗಳದ ತುಂಬ ಹರಿಯಿತು. ಎಷ್ಟೋ ಸಲ ನೋಡಿದ್ದೇ, ಆದರೂ ನನ್ನ ಕೈಯಿಂದ ಹರಿದಾಗ ಮೈ ಜುಮ್ಮೆಂದಿತು. ನನ್ನ ಭುಜದೆತ್ತರದ ಗಾಲಿ ಅದು. ಸನ್ನೆಕೋಲು ಹಾಕಿ ಟೈರಿನ ಒಂದು ಅಂಚನ್ನು ಬಿಡಿಸುವಷ್ಟರಲ್ಲಿ ಹುಟ್ಟಿದ ದಿನ ನೆನಪಾಯಿತು. ಟ್ಯೂಬು ಎಳೆದು ತೊಟ್ಟಿಯಲ್ಲಿ ಮುಳುಗಿಸಿದರೆ ಸೂಜಿ ಮೊನೆಯಷ್ಟು ತೂತು. ಉಜ್ಜಿ, ಸಲೂಷನ್ ಅಂಟು ಹಚ್ಚಿ, ಒಣಗಿಸಿ, ಪ್ಯಾಚ್ ಕೂರಿಸಿದೆ.

ಟ್ಯೂಬು ವಾಪಸ್ ಹಾಕುವ ಮೊದಲು ಟೈರಿನೊಳಗೆ ಬರಿಗೈ ಎರಡು ಸುತ್ತು ಹೋಗಬೇಕು, ಅದು ನಮ್ಮ ಅಂಗಡಿಯ ಕಟ್ಟಳೆ. ಅರ್ಧ ಸುತ್ತಿಗೇ ಒಂದು ಮೊಳೆಯ ತುದಿ ಕೈಗೆ ತಾಗಿತು. "ಸಿಕ್ತು!" ಎಂದು ಕಿತ್ತು ಮಾವನ ಅಂಗೈಗೆ ಹಾಕಿದೆ. ಹೆಮ್ಮೆಯಲ್ಲಿ ಉಳಿದ ಒಂದೂವರೆ ಸುತ್ತು ಮರೆತೇ ಹೋಯಿತು. ಟ್ಯೂಬು ಸೇರಿಸಿದೆ, ನೀರು ತುಂಬಿದೆ, ಗಾಳಿ ಹೊಡೆದೆ. ಮಾವ ತಲೆದೂಗಿದರು.

ಹುಲ್ಲಣ್ಣ ಎಂಜಿನ್ ಶುರು ಮಾಡಿದ. ನಾನು ಕೈ ಒರೆಸುತ್ತ ಗಾಲಿಯನ್ನೇ ನೋಡುತ್ತಿದ್ದೆ. ಪ್ಯಾಚ್ ಬಿದ್ದದ್ದು ವಾಲ್ವಿನ ಎಡಕ್ಕೆ ಮೂರು ಗೇಣು. ಮೊಳೆ ಸಿಕ್ಕಿದ್ದು ಬಲಕ್ಕೆ. ಆ ತೂತು ಆ ಮೊಳೆಯದಲ್ಲ.

ಬಾಯಿ ಮುಚ್ಚಿಕೊಂಡಿದ್ದರೆ ಇವತ್ತಿಗೆ ಗೆದ್ದಂತೆ. ಗೆಲ್ಲುವ ಆಸೆ ನನಗೆ ಬೇಕಾದಷ್ಟಿತ್ತು, ಸುಳ್ಳೇಕೆ ಹೇಳಲಿ.

"ನಿಲ್ಸಣ್ಣಾ! ಇಳಿ. ಮತ್ತೆ ಬಿಚ್ಚಬೇಕು."

ಮತ್ತೆ ಜಾಕಿ, ಮತ್ತೆ ನೀರು, ಮತ್ತೆ ಸನ್ನೆಕೋಲು. ಎಡಕ್ಕೆ ಮೂರು ಗೇಣಿನ ಜಾಗದಲ್ಲಿ ಕೈಯಾಡಿಸಿದೆ. ಏನೂ ಇಲ್ಲ, ನುಣ್ಣಗಿದೆ. ಹುಲ್ಲಣ್ಣನಿಗೆ ಹೊರಗಿನಿಂದ ಮೊಣಕಾಲು ಕೊಟ್ಟು ಒತ್ತಲು ಹೇಳಿ, ಕೆನ್ನೆಯನ್ನು ರಬ್ಬರಿಗೆ ಆನಿಸಿ, ಕಣ್ಣು ಮುಚ್ಚಿ ತೋಳು ಪೂರ್ತಿ ಒಳಗಿಟ್ಟೆ. ಚುಳ್ಳೆಂದಿತು. ಅವನು ಕಾಲು ತೆಗೆದ, ಮಾಯ. ಮತ್ತೆ ಒತ್ತಿದ, ಮತ್ತೆ ಚುಳ್ಳ್.

ತಂತಿಯ ಒಂದು ಎಳೆ, ಕೂದಲಿಗಿಂತ ಚೂರು ದಪ್ಪ ಇದ್ದೀತು. ಭಾರ ಬಿದ್ದಾಗ ತಲೆ ಎತ್ತುತ್ತದೆ, ಭಾರ ಇಳಿದಾಗ ರಬ್ಬರಿನಲ್ಲಿ ಅಡಗುತ್ತದೆ. ಎರಡು ಟನ್ ಕಬ್ಬಿಣವನ್ನು ಮೂರು ಸಲ ಮಂಡಿಯೂರಿಸಿದ್ದು ಇದು! ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಅನ್ನುವುದನ್ನು ನಾನು ಹೀಗೆ ಬೆರಳ ತುದಿಯಲ್ಲಿ ಯಾವತ್ತೂ ಮುಟ್ಟಿರಲಿಲ್ಲ. ಕೀಳಲು ಮನಸ್ಸೇ ಬರಲಿಲ್ಲ. "ಮಾವ, ಬನ್ನಿ, ನೀವೂ ಮುಟ್ಟಿ ನೋಡಬೇಕು ಇದನ್ನ."

ಮಾವ ಸೊಂಟ ಹಿಡಿದುಕೊಂಡೇ ಬಂದು ಕೈ ಹಾಕಿದರು. ಹುಲ್ಲಣ್ಣ ಒತ್ತಿದ. "ಎಲ್ಲಿ?" ನಾನು ಅವರ ತೋರುಬೆರಳು ಹಿಡಿದು ಸರಿಯಾಗಿ ಆ ಜಾಗದ ಮೇಲಿಟ್ಟೆ. ಬೆರಳು ಅತ್ತ ಹೋಯಿತು, ಇತ್ತ ಬಂತು, ನಿಲ್ಲಲಿಲ್ಲ. "ಎಲ್ಲಮ್ಮಾ? ಏನೂ ಇಲ್ವಲ್ಲ."

ಕೈ ಹೊರಗೆ ತೆಗೆದಾಗ ಬೆರಳ ತುದಿಯಲ್ಲಿ ರಕ್ತದ ಹನಿ ನಿಂತಿತ್ತು.

ಮಾವ ಅದನ್ನೇ ನೋಡಿದರು. ನಲವತ್ತು ವರ್ಷ ರಬ್ಬರು, ಕಬ್ಬಿಣ ಉಜ್ಜಿ ಉಜ್ಜಿ ಆ ಬೆರಳುಗಳು ಚಪ್ಪಲಿಯ ಅಟ್ಟೆಯಂತಾಗಿದ್ದವು.

"ಚುಚ್ಚಿದ್ದೂ ತಿಳೀಲಿಲ್ಲ," ಎಂದರು ಮೆಲ್ಲಗೆ. "ಎರಡು ಸಲಾನೂ ಎರಡೆರಡು ಸುತ್ತು ಕೈಯಾಡಿಸಿದ್ದೆ ಕಣಮ್ಮ. ಇದರ ಮೇಲೇ ಹೋಗಿರ್ತೀನಿ."

ನನ್ನ ಹನ್ನೊಂದು ವರ್ಷದ ಕೋಪ ಎಲ್ಲಿ ಹೋಯಿತೋ ಕಾಣೆ. ಗೆದ್ದೆ ಅನ್ನಿಸಲಿಲ್ಲ, ಅಳು ಬಂತು. ಚಿಮ್ಮಟ ತೆಗೆದುಕೊಂಡು ತಂತಿ ಕಿತ್ತೆ.

ತಿರುಗಿದರೆ ಮಾವ ಕುರ್ಚಿಗೆ ಹೋಗಿರಲಿಲ್ಲ. ಗಾಲಿಯ ಪಕ್ಕ ಒದ್ದೆ ನೆಲದಲ್ಲೇ ಕೂತು, ಟ್ಯೂಬನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಹೊಸದಾಗಿ ಕೆಲಸಕ್ಕೆ ಸೇರಿದವರ ಹಾಗೆ ನನ್ನ ಮುಖ ನೋಡುತ್ತಿದ್ದರು.

"ಹೇಳಮ್ಮ, ನಾನು ಎಲ್ಲಿ ಹಿಡ್ಕೊಳ್ಳಲಿ?"