ಪೂಜೆಗಿಟ್ಟ ಪಿಯಾನೋ

ಕೈ ಮುರಿದುಕೊಳ್ಳುವುದೇ ಆದರೆ ಬಲಗೈ ಒಂದು ಸಾಕೋ, ಎಡಗೈಯೂ ಬೇಕೋ? ಶೃಂಗೇರಿ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಸಿದ್ದಾರ್ಥ ಇದನ್ನು ಗಂಭೀರವಾಗಿಯೇ ಯೋಚಿಸುತ್ತಿದ್ದ. ಬಲಗೈ ಹೋದರೆ ಉಳಿದವರು ಅಯ್ಯೋ ಪಾಪ ಎಂದು ಸುಮ್ಮನಾಗಬಹುದು. ಹೆಂಡತಿ ಅರ್ಪಿತಾ ಸುಮ್ಮನಾಗುವವಳಲ್ಲ. "ಎಡಗೈಯಲ್ಲೇ ಒಂಚೂರು ನುಡಿಸಿ" ಎನ್ನುತ್ತಾಳೆ. ಪಿಯಾನೋ ವಾದಕ ಏಮೋಸ್ ಟಾಲ್ಬರ್ಟನ ದೊಡ್ಡಸ್ತಿಕೆ ಇರುವುದೇ ಎಡಗೈಯಲ್ಲಿ ಎಂದು ಮದುವೆಯಾದಾಗಿನಿಂದ ಅವಳ ತಲೆಗೆ ತುಂಬಿದವನು ಅವನೇ.

ವಿಜಯದಶಮಿಯ ದಿನ. ದೇವಸ್ಥಾನಕ್ಕೆ ಹೋಗುವವರು, ಬರುವವರು, ಚಪ್ಪಲಿ ಹುಡುಕುವವರು. ಕೊಪ್ಪದಿಂದ ಹೊರಟ ಬಸ್ಸು ದಾರಿಯಲ್ಲಿ ಕೆಟ್ಟು ನಿಲ್ಲಲಿ ಎಂದು ಅವನು ಮನಸ್ಸಿನಲ್ಲೇ ಹರಕೆ ಹೊತ್ತಿದ್ದ. ವಾರಕ್ಕೊಮ್ಮೆಯಾದರೂ ಕೈಕೊಡುವ ಬಸ್ಸು ಇವತ್ತು ಹೊತ್ತಿಗೆ ಮುಂಚೆಯೇ ತಲುಪಿತ್ತು. ಹಬ್ಬದ ದಿನ ಹೂವಿನ ಹಾರ ಹಾಕಿಸಿಕೊಂಡ ಬಸ್ಸು ಬೇರೆ. ಅದಕ್ಕೂ ಮರ್ಯಾದೆ ಬಂದಿತ್ತು.

"ಬೆವರ್ತಿದೀರಲ್ಲ" ಎಂದಳು ಅರ್ಪಿತಾ.

"ಬಿಸಿಲು."

"ನೆರಳಲ್ಲೇ ಕೂತಿದೀವಿ."

ಅವಳು ಹೆಚ್ಚು ಕೆದಕಲಿಲ್ಲ. ದೊಡ್ಡ ಕಲಾವಿದರಿಗೆ ವೇದಿಕೆಗೆ ಮುಂಚೆ ಹೀಗೆಲ್ಲ ಆಗುತ್ತದೆ ಎಂದು ಅವಳು ಎಲ್ಲೋ ಓದಿದ್ದಳು. ಅದನ್ನು ನೆನೆದು ಸಣ್ಣಗೆ ನಕ್ಕಳು.

ವಿಷಯ ಇಷ್ಟೇ. ಅರ್ಪಿತಾಳ ದೊಡ್ಡಪ್ಪನ ಮಗ ಪ್ರಕಾಶ ಸಿರಿಮನೆಯಲ್ಲಿ ಹೋಮ್‌ಸ್ಟೇ ಕಟ್ಟಿಸಿದ್ದಾನೆ. ಬಸರೀಕಟ್ಟೆ ಕಡೆಯ ಒಂದು ಹಳೆಯ ಎಸ್ಟೇಟ್ ಬಂಗಲೆ ಕೆಡವುವಾಗ ಅಲ್ಲಿದ್ದ ಪಿಯಾನೋವನ್ನು ಕೊಂಡು ತಂದಿದ್ದಾನೆ. "ಭಾವನ ಕೈಯಿಂದ್ಲೇ ಶುರುವಾಗ್ಬೇಕು, ಅದ್ಕೇ ತಂದಿದ್ದು" ಎಂದು ಫೋನ್ ಮಾಡಿದ್ದ. ಮನೆಯವರೆಲ್ಲ ಇವತ್ತು ಅಲ್ಲಿ ಸೇರುತ್ತಾರೆ. ಆದರೆ ಕೊಪ್ಪದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವ ಸಿದ್ದಾರ್ಥ ಈ ಜನ್ಮದಲ್ಲಿ ಪಿಯಾನೋ ಮುಟ್ಟಿದವನಲ್ಲ.

ಸುಳ್ಳು ಹೇಳಿದ್ದನೇ ಎಂದರೆ ಅದೂ ಇಲ್ಲ. ಹೆಣ್ಣು ನೋಡಲು ಹೋದ ದಿನ ಮಾತು ಎಲ್ಲರ ಬಾಯಲ್ಲೂ ಒಣಗಿತ್ತು. ಕಾಫಿ ಇನ್ನೂ ಬಂದಿರಲಿಲ್ಲ. ಅಭ್ಯಾಸಬಲದಿಂದ ಅವನ ಬೆರಳುಗಳು ಟೀಪಾಯಿಯ ಮೇಲೆ ಟಾಲ್ಬರ್ಟನ ಸ್ವರಗಳ ಒಂದು ಓಟವನ್ನು ಓಡುತ್ತಿದ್ದವು. ಹುಡುಗಿಯ ಸೋದರಮಾವ ಸೋಮಶೇಖರಪ್ಪ ಅದನ್ನು ಗಮನಿಸಿ, "ಎಂತ ಅದು ಬೆರಳಲ್ಲಿ?" ಎಂದು ಕೇಳಿದರು. "ಪಿಯಾನೋ" ಎಂದ ಅವನು. ತಾನು ಕೇಳುವ ಸಂಗೀತದ ಹೆಸರು ಹೇಳಿದ್ದು, ಅಷ್ಟೇ. "ಓಹೋ, ಪಿಯಾನೋ ಬಾರಿಸ್ತೀರೋ" ಎಂದರು ಅವರು. ಅಷ್ಟರಲ್ಲಿ ಕಾಫಿ ತಟ್ಟೆ ಹಿಡಿದು ಬಂದ ಅರ್ಪಿತಾ ತಲೆಯೆತ್ತಿ ನೋಡಿದಳು. ಅವನ ಮುಖವನ್ನಲ್ಲ, ಬೆರಳುಗಳನ್ನು. ಅವನು ಹೌದು ಎನ್ನಲಿಲ್ಲ. ಅಲ್ಲ ಎನ್ನಲೂ ಇಲ್ಲ. ನಕ್ಕ.

ಬೇರೆ ಗಂಡುಗಳನ್ನು ಬೇಡ ಎಂದಿದ್ದವಳು ತನ್ನನ್ನು ಒಪ್ಪಿದ್ದು ಆ ಬೆರಳುಗಳಿಗಾಗಿ ಎಂದು ಮದುವೆಯಾದ ಮೇಲೆ ಅವಳೇ ಹೇಳಿದಳು. ಆಗಲಾದರೂ ಹೇಳಬಹುದಿತ್ತು. ಹೇಳಿಬಿಟ್ಟರೆ ತನ್ನಲ್ಲಿ ನೋಡಲು ಅವಳಿಗೆ ಇನ್ನೇನು ಉಳಿಯುತ್ತದೆ ಎಂದು ಯೋಚಿಸಿದ. ಸಂಬಳ, ಚಾಳೀಸು, ತೆಳುವಾಗುತ್ತಿರುವ ಕೂದಲು. ಪಟ್ಟಿ ಅಲ್ಲಿಗೇ ಮುಗಿಯಿತು. "ಈ ಊರಲ್ಲಿ ಪಿಯಾನೋ ಎಲ್ಲಿಂದ ತರೋಣ" ಎಂದು ಮಾತು ತೇಲಿಸಿದ. ಕೀಬೋರ್ಡ್ ತರಿಸೋಣವೇ ಎಂದು ಅವಳು ಕೇಳಿದಾಗ, "ಅದು ಮಕ್ಕಳ ಆಟದ ಸಾಮಾನು" ಎಂದು ಮುಖ ಸಿಂಡರಿಸಿದ. ಆ ತಿರಸ್ಕಾರ ಅವಳಿಗೆ ಇನ್ನಷ್ಟು ಹಿಡಿಸಿತು.

ಕಿವಿಯೊಂದೇ ಅವನ ನಿಜವಾದ ಆಸ್ತಿ. ಮೈಸೂರಿನ ಹಾಸ್ಟೆಲಿನಲ್ಲಿ ಜೊತೆಗಿದ್ದವನೊಬ್ಬ ಬಿಟ್ಟುಹೋದ ಧ್ವನಿಮುದ್ರಣಗಳಲ್ಲಿ ಟಾಲ್ಬರ್ಟ್ ಅವನಿಗೆ ಸಿಕ್ಕಿದ್ದು. ಸಿದ್ದಾರ್ಥ ಹುಟ್ಟುವ ಮೊದಲೇ ಸತ್ತ ಅಮೆರಿಕದ ಕರಿಯ. ಅವನ ಬಲಗೈಯ ವೇಗಕ್ಕೆ, ಹೊಸದಾಗಿ ಕೇಳಿದವರು ಇಬ್ಬರು ಕೂತು ನುಡಿಸುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಸಿದ್ದಾರ್ಥನಿಗೆ ವೇಗ ಮುಖ್ಯವಲ್ಲ. ಬಲಗೈ ಮುಂದೆ ಮುಂದೆ ಓಡುತ್ತ ಬಣ್ಣ ಹಚ್ಚಿ ಏನೇನೋ ಹೇಳುತ್ತದೆ; ಎಡಗೈ ಚೂರು ತಡವಾಗಿ, ಸಂತೆಗೆ ಹೊರಟ ಮುದುಕನಂತೆ ಹಿಂದಿನಿಂದ ಬರುತ್ತದೆ. ಬಲಗೈ ಹೇಳಿದ್ದರಲ್ಲಿ ಎಷ್ಟು ನಿಜ ಎಂದು ತೀರ್ಮಾನಿಸುವುದು ಎಡಗೈ. ಮೊದಲ ದಿನಗಳ ಮುದ್ರಣದಲ್ಲಿ ಅವೆರಡೂ ಜಗಳವಾಡುತ್ತವೆ. ಕೊನೆಕೊನೆಯದರಲ್ಲಿ ಒಂದರ ಮಾತು ಇನ್ನೊಂದು ಕೇಳಿಸಿಕೊಳ್ಳುತ್ತದೆ. ನಡುವೆ ಟಾಲ್ಬರ್ಟ್ ಗಂಟಲಿನಲ್ಲೇ ಹೂಂಗುಡುವುದೂ ಕೇಳುತ್ತದೆ, ತೊಟ್ಟಿಲು ತೂಗುವವರ ಹಾಗೆ.

ಸಂಜೆ ಊಟಕ್ಕೆ ಮೊದಲು ಒಂದು ಇಯರ್‌ಫೋನನ್ನು ಇಬ್ಬರೂ ಹಂಚಿಕೊಂಡು ಕೂರುತ್ತಿದ್ದರು. ಅವನು ವಿವರಿಸುತ್ತಿದ್ದ, ಬೆರಳುಗಳನ್ನು ಮೇಜಿನ ಮೇಲೆ ಆಡಿಸುತ್ತಿದ್ದ. ಅವಳು ಒಂದು ಕಿವಿಯಲ್ಲಿ ಕೇಳುತ್ತ ಅವನ ಕೈ ನೋಡುತ್ತಿದ್ದಳು. ಅವರ ಸಂಸಾರದಲ್ಲಿ ಸುಖ ಎಂಬುದು ಇದ್ದರೆ ಅದು ಆ ಹೊತ್ತಿನಲ್ಲಿ ಇತ್ತು. ಇವತ್ತು ಅದು ಹೋಗುತ್ತದೆ.

ಜೀಪು ಬಂತು. ಬಾನೆಟ್ಟಿನ ಮೇಲೆ ಚೆಂಡುಹೂವು, ಗಾಜಿನ ಮೇಲೆ ಕುಂಕುಮ.

"ಬನ್ನಿ ಭಾವ, ಬನ್ನಿ. ಕಾದ್ರಾ?" ಪ್ರಕಾಶ ಇಳಿದು ಬಂದು ಚೀಲ ತೆಗೆದುಕೊಂಡ. ಅಗಲ ಮುಖದ, ಒಳಗೊಂದು ಹೊರಗೊಂದು ಇಲ್ಲದ ಮನುಷ್ಯ. "ಎಂತ ಮಾರಾಯ್ತಿ, ಭಾವ ಇಳಿದು ಹೋಗಿದಾರೆ? ಊಟ ಹಾಕ್ತಿಯೋ ಇಲ್ವೋ?"

"ಅವರಿಗೆ ನುಡಿಸೋ ಚಿಂತೆ" ಎಂದಳು ಅರ್ಪಿತಾ.

ಸಿದ್ದಾರ್ಥ ಹಿಂದಿನ ಸೀಟಿನಲ್ಲಿ ಅರ್ಪಿತಾಳ ಪಕ್ಕ ಕೂತ. ಪ್ರಕಾಶ ಬಾಗಿಲು ಹಾಕಲು ಬಂದಾಗ ಸಿದ್ದಾರ್ಥನ ಬಲಗೈಯ ನಾಲ್ಕು ಬೆರಳು ಚೌಕಟ್ಟಿನ ಅಂಚಿಗೆ ತಾವಾಗಿಯೇ ಹೋಗಿ ಕೂತವು. ತಾವಾಗಿಯೇ ಎಂದು ಅವನು ಅಂದುಕೊಂಡ. ಕಣ್ಣು ಮುಚ್ಚಿದ.

"ಕೈ, ಕೈ" ಎಂದು ಅರ್ಪಿತಾ ಮುಂಗೈ ಹಿಡಿದು ಎಳೆದುಕೊಂಡಳು. ಬಾಗಿಲು ಧಡ್ಡೆಂದು ಬಿತ್ತು. ಅವಳು ಆ ಬೆರಳುಗಳನ್ನು ಕಿಗ್ಗ ದಾಟುವವರೆಗೂ ತನ್ನ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಅವು ತನ್ನವಲ್ಲ, ಅವಳು ನಂಬಿ ಸಾಕಿಕೊಂಡ ಯಾವುದೋ ಪ್ರಾಣಿ ಎಂದು ಅವನಿಗೆ ಅನ್ನಿಸಿತು. ಇವತ್ತು ಆ ಪ್ರಾಣಿ ಅವಳನ್ನು ಕಚ್ಚುತ್ತದೆ.

"ಪ್ರಕಾಶ, ನೀನು ಬಾರಿಸಿ ನೋಡಿದ್ಯಾ?" ಎಂದು ಕೇಳಿದ. ಧ್ವನಿ ನೆಟ್ಟಗೇ ಬಂತು.

"ಅಯ್ಯೋ, ನಾನೆಂತಕ್ಕೆ ಮುಟ್ಲಿ ಭಾವ? ನಿನ್ನೆ ಆಯುಧ ಪೂಜೆಗೆ ಇಟ್ಟಿದ್ದೆ. ಜೀಪು, ಪಂಪು, ಹುಲ್ಲು ಹೊಡಿಯೋ ಮಿಷನ್ನು, ಅದ್ರ ಜೊತೆಗೆ ಅದೂ. ಪೂಜೆಗಿಟ್ಟ ಮೇಲೆ ಮುಟ್ಟಂಗಿಲ್ವಲ್ಲ. ಇವತ್ತು ನೀವೇ ಮೊದ್ಲು."

"ಒಳ್ಳೇದು" ಎಂದ ಸಿದ್ದಾರ್ಥ. ಆ ಮಾತಿಗೆ ಏನೂ ಅರ್ಥವಿರಲಿಲ್ಲ.

ಹೋಮ್‌ಸ್ಟೇಯ ಹೊಸ ಹಾಲಿನಲ್ಲಿ ಸುಣ್ಣದ ವಾಸನೆ. ಪಿಯಾನೋ ಗೋಡೆಗೆ ಬೆನ್ನು ಹಾಕಿ ನಿಂತಿತ್ತು. ನೆತ್ತಿಯ ಮೇಲೆ ಅರಿಶಿನ, ಕುಂಕುಮ, ಕಾಲುಗಳಿಗೆ ಚೆಂಡುಹೂವು. ಚಿತ್ರದಲ್ಲಿ, ಫೋನಿನಲ್ಲಿ ಎಷ್ಟು ಸಲ ನೋಡಿದ್ದರೂ ಅದು ಇಷ್ಟು ದೊಡ್ಡದಿರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಸಾಲಾಗಿ ಹಾಕಿದ ಕುರ್ಚಿಗಳಲ್ಲಿ ನೆಂಟರು ಕೂತಿದ್ದರು. ಪ್ರಕಾಶನ ತಾಯಿ ಕಮಲಕ್ಕ ಆರತಿ ತಟ್ಟೆ ಹಿಡಿದುಕೊಂಡೇ ಕಾಯುತ್ತಿದ್ದರು. ಮುಂದಿನ ಕುರ್ಚಿಯಲ್ಲಿ ಸೋಮಶೇಖರಪ್ಪ. ವಯಸ್ಸಾಗಿತ್ತು, ಕಣ್ಣು ಮಾತ್ರ ಅದೇ.

"ಕಡೆಗೂ ಭಾಗ್ಯ ಬಂತು ನೋಡಿ ಅಳಿಯಂದ್ರೆ" ಎಂದರು. "ಅವತ್ತು ಟೀಪಾಯಿ ಮೇಲೆ ಕಂಡಿದ್ದು, ಇವತ್ತು ಕೇಳ್ತೀವಿ."

ಈಗ ಹೇಳಬೇಕು. ಒಂದೇ ವಾಕ್ಯ ಸಾಕು. ನನಗೆ ಬರುವುದಿಲ್ಲ. ಅವನು ಬಾಯಿ ತೆರೆದ. "ಸ್ವಲ್ಪ ನೀರು ಕೊಡಿ" ಎಂಬ ಮಾತು ಹೊರಗೆ ಬಂತು. ನೀರು ಬಂತು. ಕುಡಿದು ಮುಗಿಸಲು ಎಷ್ಟು ಹೊತ್ತು ಬೇಕು?

ಅವನು ಪಿಯಾನೋದ ಮುಂದಿನ ಬೆಂಚಿನ ಮೇಲೆ ಕೂತ. ಪ್ರಕಾಶ ಮುಚ್ಚಳ ತೆಗೆದ. ಬೆರಳಿನಿಂದ ಒತ್ತುವ ಬಿಳಿಯ ಮನೆಗಳು, ಕರಿಯ ಮನೆಗಳು, ಹಾರ್ಮೋನಿಯಮ್ಮಿಗಿಂತ ಎಷ್ಟೋ ಉದ್ದದ ಸಾಲು. ಬೆನ್ನಿನ ಹಿಂದೆ ಕುರ್ಚಿಗಳ ಸದ್ದು ನಿಂತಿತು. ಅವನಿಗೆ ಉಚ್ಚೆ ಬಂದಂತಾಯಿತು. ಅರ್ಪಿತಾ ಪಕ್ಕಕ್ಕೆ ಬಂದು ನಿಂತಳು, ಕೈ ಕಾಣುವ ಕಡೆಗೆ.

ಬಲಗೈಯ ತೋರುಬೆರಳಿನಿಂದ ಒಂದು ಬಿಳಿಯ ಮನೆಯನ್ನು ಒತ್ತಿದ.

ಏನೂ ಕೇಳಲಿಲ್ಲ. ಮನೆ ಒಳಗೆ ಹೋಯಿತು, ಅಲ್ಲೇ ನಿಂತಿತು. ಇನ್ನೊಂದು ಒತ್ತಿದ. ಅದೂ ಹಾಗೆಯೇ ಮೆತ್ತಗೆ ಕುಸಿಯಿತು. ಮೂರನೆಯದರ ಸಂದಿನಿಂದ ಒಂದು ಹನಿ ನೀರು ಮೇಲೆ ಬಂತು.

"ಎಂತ ಆಯ್ತು ಭಾವ?"

"ನೀರು" ಎಂದ ಸಿದ್ದಾರ್ಥ.

"ಹೌದು, ತೊಳ್ದಿದ್ದು. ಜೀಪು ತೊಳೀತಾ ಅದೇ ಪೈಪಲ್ಲಿ ಇದನ್ನೂ ತೊಳ್ದೆ, ಹಲಗೆ ಬಿಚ್ಚಿ ಒಳಗೆಲ್ಲ. ಎಂಥಾ ಧೂಳು ಅಂತೀರಾ. ಪೂಜೆಗಿಡೋದು ಅಂದ್ಮೇಲೆ..." ಪ್ರಕಾಶನ ಮಾತು ತಡವರಿಸಿತು. "ತೊಳೀಬಾರ್ದಿತ್ತಾ?"

ಹಾಲಿನಲ್ಲಿದ್ದ ಎಲ್ಲರೂ ಸಿದ್ದಾರ್ಥನನ್ನು ನೋಡಿದರು. ಪಿಯಾನೋ ತೊಳೆಯಬಾರದು ಎಂದು ಕ್ಷಣದ ಹಿಂದೆ ಅವನಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಬಂದ ಕೂಡಲೇ ತೊಳೆದೆಯಾ ಎಂದು ಕೇಳುತ್ತಿದ್ದ. ಅವನು ಚಾಳೀಸು ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ.

"ತೊಳೀಬಾರದು" ಎಂದ.

ಎಷ್ಟು ಸಲೀಸಾಗಿ ಬಂತು. ಎಷ್ಟು ಅಧಿಕಾರದಿಂದ. ಪ್ರಕಾಶನ ಅಗಲ ಮುಖ ಹಣ್ಣಾದ ಎಲೆಯ ಹಾಗೆ ಬಾಡಿತು. ಅವನು ಅಲ್ಲೇ ನೆಲದ ಮೇಲೆ ಕೂತು, ಕುಸಿದ ಮನೆಗಳ ಕೆಳಗೆ ಉಗುರು ತೂರಿಸಿ ಎತ್ತಲು ನೋಡಿದ. ಕಮಲಕ್ಕ, "ನಾ ಬಡ್ಕೊಂಡೆ, ಅದೆಂತ ಎಮ್ಮೆಯಾ ತೊಳಿಯಕ್ಕೆ ಅಂತ" ಎಂದು ಮಗನನ್ನು ಬೈದರು. ಸಿದ್ದಾರ್ಥನಿಗೆ ಎದೆಯ ಮೇಲಿನ ಕಲ್ಲು ಇಳಿದಂತೆ ಖುಷಿಯಾಯಿತು. ನಾಚಿಕೆ ಅದರ ಹಿಂದೆಯೇ ಬರಬೇಕಿತ್ತು; ಬರಲಿಲ್ಲ. ತಾನು ಉಳಿದೆ ಎನ್ನುವುದೊಂದೇ.

"ಹೋಗ್ಲಿ ಬಿಡಿ" ಎಂದರು ಸೋಮಶೇಖರಪ್ಪ. "ಸದ್ದಿಲ್ದಿದ್ರೂ ಕೈಯಾಡಿಸಿ ತೋರ್ಸಿ. ಹೂವಿನಪೂಜೆ ಮಾಡಿದ್ದು ಸುಮ್ನೆ ಹೋಗ್ಬಾರ್ದು."

ಅವನು ಬೇಡ ಎನ್ನಬಹುದಿತ್ತು. ಆದರೆ ಹೆದರಿಕೆ ಹೋದ ಜಾಗದಲ್ಲಿ ಒಂದು ಮೊಂಡು ಧೈರ್ಯ ಬಂದು ಕೂತಿತ್ತು. ಮೇಜಿನ ಮೇಲೆ ನುಡಿಸಿದವನಿಗೆ ಇದು ಇನ್ನೊಂದು ಮೇಜು. ಟಾಲ್ಬರ್ಟನ ಕೊನೆಯ ಮುದ್ರಣಗಳಲ್ಲೊಂದು, ನಿಧಾನದ್ದು, ಅದನ್ನೇ ಆರಿಸಿಕೊಂಡು ಕಣ್ಣು ಮುಚ್ಚಿದ. ಎರಡೂ ಕೈ ಇಳಿಸಿದ.

ಬೆರಳು ಓಡಿದವು. ಬಲಗೈ ಮುಂದೆ, ಎಡಗೈ ಹಿಂದೆ. ತೋಯ್ದ ಮರದ ಮೇಲೆ ಮಾಂಸ ಬಡಿಯುವ ಸದ್ದು ಮಾತ್ರ: ತಪ್, ತಪ್. ಅವನು ತಲೆಯೊಳಗಿನ ಸಂಗೀತಕ್ಕೆ ಕಾದ. ಮೇಜನ್ನು ಮುಟ್ಟಿದರೆ ಸಾಕು ತಾನಾಗಿ ಶುರುವಾಗುತ್ತಿದ್ದದ್ದು. ಬರಲಿಲ್ಲ. ಮೊದಲ ಸಾಲು ಹೇಗಿತ್ತು? ಟಾಲ್ಬರ್ಟ್ ಎಲ್ಲಿ ಹೂಂಗುಡುತ್ತಿದ್ದ? ಒಂದು ಸ್ವರವೂ ನೆನಪಿಗೆ ಬರಲಿಲ್ಲ. ಬೆರಳುಗಳು ಮಾತ್ರ ನಿಲ್ಲಲಿಲ್ಲ, ಸತ್ತ ಕೋಳಿಯ ಕಾಲಿನಂತೆ ಆಡುತ್ತಲೇ ಇದ್ದವು. ಅವನಿಗೆ ಈಗ ನಿಜವಾಗಿ ಹೆದರಿಕೆಯಾಯಿತು. ಈ ಹೆದರಿಕೆಗೂ ಬೆನ್ನ ಹಿಂದಿನ ನೆಂಟರಿಗೂ ಸಂಬಂಧವಿರಲಿಲ್ಲ. ತಾನು ಇಷ್ಟು ವರ್ಷ ಏನನ್ನೂ ಕೇಳಿರಲೇ ಇಲ್ಲವೇನೋ. ಅವಳಿಗೆ ಕಾಣಲೆಂದು ಬೆರಳಾಡಿಸಿದ್ದೇ ಪೂರ್ತಿಯೇನೋ.

ಎಲ್ಲಿ ನಿಲ್ಲಿಸಬೇಕೆಂದೂ ತಿಳಿಯದೆ ಒಂದು ಕಡೆ ನಿಲ್ಲಿಸಿ ಕಣ್ಣು ತೆರೆದ. ಬೆರಳಾಡಿದ ಕಡೆ ಮನೆಗಳೆಲ್ಲ ಒಳಕ್ಕೆ ಕುಸಿದು, ಹಲ್ಲು ಉದುರಿದ ವಸಡಿನ ಹಾಗೆ ಸಾಲು ತಗ್ಗಾಗಿತ್ತು. ಯಾರೋ ಚಪ್ಪಾಳೆ ತಟ್ಟಿದರು. ಉಳಿದವರೂ ಸೇರಿದರು. ಕಮಲಕ್ಕ ಸೆರಗಿನಿಂದ ಮೂಗು ಒರೆಸಿಕೊಂಡರು.

"ಬಿಸಿಲಿಗಿಟ್ಟು ಒಣಗಿಸ್ತೀನಿ ಭಾವ" ಎಂದ ಪ್ರಕಾಶ, ನೆಲದಿಂದಲೇ. "ಮಂಗ್ಳೂರಿಂದ ರಿಪೇರಿಯವ್ರನ್ನ ಕರೆಸ್ತೀನಿ. ಸರಿಯಾದ ದಿನ ನೀವೇ ಬಂದು ನುಡಿಸ್ಬೇಕು. ಅಲ್ಲೀ ತನ್ಕ ಯಾರಿಗೂ ಮುಟ್ಟಕ್ಕೆ ಬಿಡಲ್ಲ."

ಅರ್ಪಿತಾ ಬಂದು ಬೆಂಚಿನ ತುದಿಯಲ್ಲಿ ಅವನ ಪಕ್ಕ ಕೂತಳು. ಅವಳ ಕಣ್ಣು ಒದ್ದೆಯಾಗಿತ್ತು.

"ನಂಗೆ ಕೇಳಿಸ್ತು" ಎಂದಳು, ಅವನಿಗೆ ಮಾತ್ರ ಕೇಳುವ ಹಾಗೆ. "ಪೂರ್ತಿ ಕೇಳಿಸ್ತು."

ಅವನು ಅವಳ ಮುಖ ನೋಡಿದ. ಅದರಲ್ಲಿ ತಮಾಷೆ ಇರಲಿಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಬಲತುದಿಯಲ್ಲಿ, ಅವನ ಕೈ ಹೋಗದಿದ್ದ ಕಡೆ, ಒಂದು ಬಿಳಿಯ ಮನೆ ಇನ್ನೂ ಮೇಲೆಯೇ ನಿಂತಿತ್ತು. ನೀರು ಅಲ್ಲಿಗೆ ತಲುಪಿತ್ತೋ ಇಲ್ಲವೋ; ಒತ್ತಿದರೆ ನುಡಿದರೂ ನುಡಿಯಬಹುದು. ಅರ್ಪಿತಾ ಅದನ್ನು ನೋಡಿದಳು. ಮಗುವಿನ ಕೆನ್ನೆ ಮುಟ್ಟುವವಳಂತೆ ಬೆರಳು ಚಾಚಿದಳು.

ಸಿದ್ದಾರ್ಥ ಅವಳ ಮಣಿಕಟ್ಟು ಹಿಡಿದ. ಬಳೆಯೊಂದು ಒಡೆದು ಬೆಂಚಿನ ಮೇಲೆ ಬಿತ್ತು. ಅವಳು ಕೊಸರಲಿಲ್ಲ, ತನ್ನ ಕೈಯನ್ನು ಬಿಗಿದ ಆ ಐದು ಬೆರಳುಗಳನ್ನೇ ನೋಡುತ್ತಿದ್ದಳು. ಚಪ್ಪಾಳೆ ನಿಂತುಹೋಗಿತ್ತು. ಅವನು ಬಿಡಬೇಕೆಂದುಕೊಂಡ. ಬೆರಳು ಬಿಡಲಿಲ್ಲ.