ಎಡಗಡೆಯ ಮೇಲಿನ ಮೂಲೆ

ಮುನೀಂದ್ರ ಒಂಬತ್ತು ಕ್ಯಾನ್ವಾಸುಗಳನ್ನು ಆಟೋದಲ್ಲಿ ಹೇರಿಕೊಂಡು ಶಿವಾಜಿನಗರಕ್ಕೆ ಬಂದಾಗ ಖುರ್ಷೀದ್ ಇನ್ನೂ ಅಂಗಡಿಯ ಕಸ ಗುಡಿಸುತ್ತಿದ್ದ. ಮೂವತ್ತು ವರ್ಷ ವಾರಪತ್ರಿಕೆಯ ಕತೆಗಳಿಗೆ ಚಿತ್ರ ಬರೆದ ಮುನೀಂದ್ರನದು ಸೋಮವಾರ ಮೊದಲ ಪ್ರದರ್ಶನ. ಚಿತ್ರಗಳಿಗೆ ಫ್ರೇಮ್ ಹಾಕಬೇಕಾದವನು ಹಳೆಯ ಗೆಳೆಯ ಖುರ್ಷೀದ್.

ಪತ್ರಿಕೆ ನಿಂತು ಆರು ವರ್ಷವಾಗಿತ್ತು. ಮೊದಮೊದಲು ಕತೆಯಿಲ್ಲದೆ ಕೈಯೇ ಓಡುತ್ತಿರಲಿಲ್ಲ. ಆಮೇಲೆ ಒಂದೊಂದಾಗಿ ತಿಪ್ಪಸಂದ್ರದಲ್ಲಿದ್ದ ತಮ್ಮ ಮನೆಯ ರಾಗಿ ಹೊಲ, ಬಾವಿ, ಕಳೆ ಕೀಳುತ್ತಿದ್ದ ಅವ್ವ ದೊಡ್ಡಮುನಿಯಮ್ಮ, ಎಲ್ಲ ಬಣ್ಣದಲ್ಲಿ ಎದ್ದು ಬಂದಿದ್ದವು. ಈಗ ಆ ಹೊಲದಲ್ಲಿ ಫ್ಲಾಟುಗಳು.

ಖುರ್ಷೀದ್ ಒಂಬತ್ತನ್ನೂ ಗೋಡೆಗೆ ಒರಗಿಸಿ ಗಡ್ಡ ಕೆರೆದುಕೊಂಡ.

"ಎಲ್ಲಾದ್ರಲ್ಲೂ ಎಡಗಡೆ ಮೇಲಿನ ಮೂಲೆ ಖಾಲಿ ಯಾಕಪ್ಪಾ? ಬಣ್ಣ ಮುಗ್ದೋಯ್ತಾ?"

"ಆಕಾಶ ಕಣೋ ಅದು."

"ಒಂಬತ್ತ್ರಲ್ಲೂ ಅಳತೆ ಹಿಡ್ದಂಗೆ ಒಂದೇ ಆಕಾಶನಾ ಭಾಯ್?"

ಮುನೀಂದ್ರ ಒಂದೊಂದನ್ನೇ ಮತ್ತೆ ನೋಡುತ್ತ ಹೋದ. ಪತ್ರಿಕೆಯಲ್ಲಿ ಕತೆಯ ಹೆಸರು, ಕತೆಗಾರರ ಹೆಸರು ಅಚ್ಚು ಹಾಕಲೆಂದು ಬಿಡುತ್ತಿದ್ದ ಜಾಗ ಅದು. ವಾರವಾರವೂ ಬಿಟ್ಟು ಆ ಅಭ್ಯಾಸ ಕೈಗೆ ಅಂಟಿಕೊಂಡಿತ್ತು. ತನ್ನದೇ ಹೊಲದಲ್ಲೂ ಬೇರೆ ಯಾರಿಗೋ ಜಾಗ ಬಿಟ್ಟು ಕೂತಿದ್ದ.

"ಎರಡು ಮೋಡ ಎಳೆದ್ಬಿಡು. ಸಾಯಂಕಾಲಕ್ಕೆ ಫ್ರೇಮ್ ಹಾಕ್ಕೊಡ್ತೀನಿ."

ಮೋಡ ಎಳೆಯುವುದೇನು ದೊಡ್ಡ ಕೆಲಸವಲ್ಲ. ಆದರೆ ಅವ್ವನ ಹಿಂದೆ, ಆ ಮೂಲೆಯಲ್ಲಿ, ನಿಜಕ್ಕೂ ಏನಿತ್ತು? ನೆನಪಾಗಲಿಲ್ಲ. ಕೆ.ಆರ್. ಪುರದಲ್ಲಿರುವ ಅಕ್ಕ ಹಂಸಳಿಗೆ ಫೋನ್ ಮಾಡಿದ.

"ಅಕ್ಕಾ, ನಮ್ಮ ಹೊಲದ ಮೇಲ್ಗಡೆ, ಎಡಕ್ಕೆ, ಏನಿತ್ತು?"

"ಬೆಳಬೆಳಗ್ಗೆ ಇದೇನೋ? ಹೊಂಗೆ ಮರ ಇರ್ಲಿಲ್ವಾ. ಅವ್ವ ಸೀರೆ ಜೋಲಿ ಕಟ್ಟಿ ನಿನ್ನ ಮಲಗಿಸ್ತಿದ್ದಿದ್ದು ಅಲ್ಲೇ. ತೂಗೋಳು ನಾನು. ನೀನೋ, ನಾನು ಕೈ ಬಿಟ್ರೆ ಊರೇ ಎದ್ದೇಳೋ ಹಂಗೆ ಅರಚ್ತಿದ್ದೆ. ಅದಕ್ಕೇ ಅವ್ವ ಕಳೆ ಕೀಳ್ತಾ ಕೀಳ್ತಾ ಆ ಕಡೆನೇ ನೋಡೋಳು."

ಅವ್ವನಿದ್ದ ಚಿತ್ರಗಳಲ್ಲೆಲ್ಲ ಅವಳು ನೆಲ ನೋಡುತ್ತಿದ್ದಳು. ಮರ ಸೇರಿಸಿದರೆ ಸಾಲದು, ಅವಳ ಕತ್ತು ತಿರುಗಬೇಕು. ಕತ್ತು ತಿರುಗಿದರೆ ಬೆನ್ನು, ಬೆನ್ನು ತಿರುಗಿದರೆ ನೆರಳು. ಹೆಚ್ಚುಕಡಿಮೆ ಎಲ್ಲವನ್ನೂ ಮೊದಲಿಂದ ಬರೆಯಬೇಕು.

"ಸೋಮವಾರ ಆಗಲ್ಲ ಅಂತ ಗ್ಯಾಲರಿಯವ್ರಿಗೆ ಹೇಳ್ಬಿಡ್ತೀನಿ," ಎಂದು ಫೋನಿಟ್ಟು ಖುರ್ಷೀದನಿಗೆ ಹೇಳಿದ.

"ತಲೆ ಕೆಟ್ಟಿದ್ಯಾ? ಆರು ವರ್ಷ ಕಾದಿದೀಯ. ಮತ್ತೆ ಕರೀತಾರಾ ನಿನ್ನ?"

"ಕರೀದೇನೂ ಇರ್ಬಹುದು."

ಗ್ಯಾಲರಿಯ ಹೆಂಗಸು ಎರಡು ಮಾತು ಬೈದು ಫೋನಿಟ್ಟಳು. ಖುರ್ಷೀದ್ ಗೊಣಗುತ್ತಲೇ ಕ್ಯಾನ್ವಾಸುಗಳನ್ನು ಇನ್ನೊಂದು ಆಟೋಗೆ ಏರಿಸಿದ. ಮುನೀಂದ್ರ ಆಟೋ ಹತ್ತಿ ಕೂತು ಮತ್ತೆ ಅಕ್ಕನಿಗೆ ಫೋನ್ ಮಾಡಿದ.

"ಅಕ್ಕಾ, ಅವ್ವ ಹಂಗೆ ತಿರುಗಿದ್ರೆ ಸೆರಗು ಯಾವ ಕಡೆ ಬೀಳ್ತಿತ್ತು?"

"ಫೋನಲ್ಲಿ ಹೇಳಿದ್ರೆ ನಿಂಗೆ ಕಾಣ್ಸುತ್ತೇನೋ? ಬಾ ಇಲ್ಲಿಗೆ, ಅವ್ವನ ಥರ ಸೀರೆ ಉಟ್ಕೊಂಡು ಬಗ್ಗಿ ತೋರಿಸ್ತೀನಿ. ಸೊಂಟ ಹಿಡ್ಕೊಂಡ್ರೆ ನೀನೇ ಎತ್ಬೇಕು, ಆಯ್ತಾ?"

ಮುನೀಂದ್ರ ಆಟೋದವನಿಗೆ ಕೆ.ಆರ್. ಪುರದ ಕಡೆ ತಿರುಗಿಸಲು ಹೇಳಿದ.