ಅನ್ನವ್ವನ ಒಪ್ಪತ್ತು

ಹಿರೇಬೆಂಡಿಗೇರಿಯಲ್ಲಿ ಯಾವ ಬಸುರಿ ಕಬ್ಬಿಣದ ಗುಳಿಗೆ ತಪ್ಪಿಸಿದ್ದಾಳೆ, ಯಾರ ಕೂಸಿಗೆ ಚುಚ್ಚುಮದ್ದು ಬಾಕಿ ಇದೆ ಎಂಬುದೆಲ್ಲ ಸವಿತಾಳಿಗೆ ಬಾಯಿಪಾಠ. ಹನ್ನೊಂದು ವರ್ಷದಿಂದ ಊರಿನ ಆಶಾ ಕಾರ್ಯಕರ್ತೆ ಅವಳು. ಆದರೆ ತನ್ನ ಮನೆಯಲ್ಲೇ ಇದ್ದ ತಾಯಿ ಅನ್ನವ್ವನಿಗೆ ದಿನಕ್ಕೊಂದು ಗುಳಿಗೆ ನುಂಗಿಸುವುದು ಅವಳಿಂದ ಆಗಲಿಲ್ಲ.

ಅನ್ನವ್ವನಿಗೆ ಥೈರಾಯ್ಡ್ ಕಡಿಮೆ ಎಂದು ಗೊತ್ತಾಗಿ ಆರು ವರ್ಷವಾಗಿತ್ತು. ಮುಂಜಾನೆ ಖಾಲಿ ಹೊಟ್ಟೆಗೆ ಒಂದು ಗುಳಿಗೆ, ಮೇಲೊಂದು ಲೋಟ ನೀರು. ಅಷ್ಟರಿಂದಲೇ ಮೈ ನೆಟ್ಟಗಿರುತ್ತಿತ್ತು. ಆ ವರ್ಷ ಅವಳು ಶ್ರಾವಣದಿಂದ ದೀಪಾವಳಿ ತನಕ ಒಪ್ಪತ್ತು ಹಿಡಿದಳು. ಸಂಜೆಯ ಪೂಜೆ ಮುಗಿಯುವ ತನಕ ಹನಿ ನೀರೂ ಇಲ್ಲ.

ಸವಿತಾ ಶಿಗ್ಗಾವಿಯ ಡಾಕ್ಟರನ್ನು ಕೇಳಿದಳು. "ಮಲಗೂ ಮುಂದ ಕೊಡ್ರಿ. ಉಂಡು ಮೂರು ತಾಸು ಆಗಿರಬೇಕು, ಅಷ್ಟ," ಎಂದರು. ಮಠದ ಸ್ವಾಮಿಗಳಾದ ಅಜ್ಜಾರನ್ನೂ ಕೇಳಿದಳು. "ಗುಳಿಗಿ ಊಟ ಅಲ್ಲವ್ವ, ತಗೊಳ್ಳಲಿ," ಎಂದರು ಅವರು. ಅನ್ನವ್ವ ಎರಡಕ್ಕೂ ತಲೆಯಾಡಿಸಿದಳು. ಕೇಳಿದಾಗಲೆಲ್ಲ "ತಗೊಂಡೇನಿ" ಎನ್ನುತ್ತಿದ್ದಳು.

ಎರಡು ತಿಂಗಳಲ್ಲಿ ಅನ್ನವ್ವನ ಮುಖ ಊದಿಕೊಂಡಿತು. ಧ್ವನಿ ದಪ್ಪಾಯಿತು, ಮಾತು ಒಂದೊಂದಾಗಿ ಬರತೊಡಗಿತು.

"ಉಪಾಸ ಇದ್ರೂ ಮುಖ ಹೆಂಗ ತುಂಬೇತಿ ನೋಡ್ರಿ. ದೇವರ ಕಳಿ ಬಂದೈತಿ," ಎಂದಳು ಪಕ್ಕದ ಮನೆಯ ಸರೋಜವ್ವ.

ಆ ಮಾತು ಓಣಿ ತುಂಬ ಹಬ್ಬಿತು. ಸಂಜೆಯಾದರೆ ಹೆಂಗಸರು ಬಂದು ಕಾಲಿಗೆ ಬೀಳುವರು, ಕೂಸುಗಳ ಹಣೆಗೆ ವಿಭೂತಿ ಹಚ್ಚಿಸಿಕೊಳ್ಳುವರು. ಇಪ್ಪತ್ತನಾಲ್ಕಕ್ಕೇ ಗಂಡನನ್ನು ಕಳೆದುಕೊಂಡು, ಪ್ರತಿ ಮದುವೆಯಲ್ಲೂ ಅಡುಗೆಮನೆಯಲ್ಲೇ ಉಳಿದುಬಿಡುತ್ತಿದ್ದ ಹೆಂಗಸು ಅನ್ನವ್ವ. ಈಗ ಪಡಸಾಲೆಯ ನಡುವೆ ಕಂಬಳಿ ಹಾಸಿ ಅವಳನ್ನು ಕೂರಿಸುತ್ತಿದ್ದರು. ತಾಯಿ ಅಷ್ಟು ಸುಖವಾಗಿ ಕುಳಿತದ್ದನ್ನು ಸವಿತಾ ಎಂದೂ ಕಂಡಿರಲಿಲ್ಲ. ಊದಿದ ಮುಖ ಏನು ಹೇಳುತ್ತಿದೆ ಎಂದು ತಿಳಿಯದವಳೇನಲ್ಲ. ಬೇರೆಯವರ ಮನೆಯಲ್ಲಿ ಗುಳಿಗೆಯ ಹಾಳೆ ತೆಗೆಸಿ ನೋಡುವವಳು, ಇಲ್ಲಿ ಮಾತ್ರ ಬಾಯಿಮಾತನ್ನೇ ನಂಬಿ ಸುಮ್ಮನಾದಳು.

ದೀಪಾವಳಿಗೆ ಹನ್ನೆರಡು ದಿನ ಇರುವಾಗ, ಒಂದು ಮಧ್ಯಾಹ್ನ ಸವಿತಾ ಮನೆಗೆ ಬಂದಳು. ಅನ್ನವ್ವ ದೇವರ ಜಗಲಿಯ ಮುಂದೆ ಗೋಡೆಗೊರಗಿ ತಲೆ ಕೆಳಗೆ ಹಾಕಿದ್ದಳು. ಸುತ್ತ ನಾಲ್ಕು ಹೆಂಗಸರು ಕೈಮುಗಿದು ಕುಳಿತಿದ್ದರು.

"ಮುಟ್ಟಬ್ಯಾಡ," ಎಂದಳು ಸರೋಜವ್ವ. "ಧ್ಯಾನದಾಗ ಅದಾಳ. ಮುಂಜಾನಿಂದ ಹಿಂಗ ಕುಂತಾಳ."

ಸವಿತಾ ಪಾದ ಮುಟ್ಟಿದಳು. ಮಧ್ಯಾಹ್ನದ ಸೆಕೆಯಲ್ಲೂ ತಣ್ಣಗಿತ್ತು. ಕರೆದರೆ ಓಗೊಡಲಿಲ್ಲ, ಉಸಿರು ಬಲು ನಿಧಾನವಾಗಿತ್ತು.

ಆಂಬುಲೆನ್ಸು ಅವರನ್ನು ಶಿಗ್ಗಾವಿಗೆ, ಅಲ್ಲಿಂದ ಹುಬ್ಬಳ್ಳಿಗೆ ಒಯ್ದಿತು. ಅನ್ನವ್ವ ಕಣ್ಣು ಬಿಟ್ಟದ್ದು ಐದನೆಯ ದಿನ. ಬಟ್ಟೆ ತರಲೆಂದು ಊರಿಗೆ ಬಂದ ಸವಿತಾಳಿಗೆ ತಾಯಿಯ ಹಾಸಿಗೆಯ ಕೆಳಗೆ ಮೂರು ತಿಂಗಳ ಗುಳಿಗೆಯ ಹಾಳೆಗಳು ಸಿಕ್ಕವು. ಒಂದನ್ನೂ ಒಡೆದಿರಲಿಲ್ಲ.

ದಿನಗಳೆದಂತೆ ಮುಖದ ಊತ ಇಳಿಯಿತು, ಧ್ವನಿ ಮೊದಲಿನಂತಾಯಿತು. ಹೆಂಗಸರು ಒಮ್ಮೆ ಬಂದು ನೋಡಿ ಹೋದರು, ಮತ್ತೆ ಬರಲಿಲ್ಲ. "ಇನ್ನ ಹನ್ನೆರಡ ದಿನ ಇತ್ತು. ಮಗಳೇ ವ್ರತಾ ಕೆಡಿಸಿದ್ಲು," ಎಂದು ಸರೋಜವ್ವ ನಳದ ಹತ್ತಿರ ಆಡಿದ್ದು ಸವಿತಾಳ ಕಿವಿಗೂ ಬಿತ್ತು.

ಒಂದು ಸಂಜೆ ಅನ್ನವ್ವ ತಾನಾಗಿ ಬಾಯಿಬಿಟ್ಟಳು. "ಮೂರು ವಾರ ನನ್ನನ್ನ ಮುಂದ ಕುಂದರಿಸಿದ್ರು. ನೀ ಮತ್ತ ಒಲಿ ಮುಂದ ತಂದು ಹಾಕಿದಿ."

"ಒಯ್ಯಲಿಲ್ಲಂದ್ರ ಸಾಯತಿದ್ದಿ ಅವ್ವ."

"ಸಾಯತಿದ್ದೆ. ನನ್ನ ಸಮಾಧಿ ಮ್ಯಾಲ ಗದ್ದಿಗಿ ಕಟ್ಟತಿದ್ರು."



ಈಗ ದಿನಾ ಮುಂಜಾನೆ ಸವಿತಾಳೇ ಗುಳಿಗೆ ಕೊಟ್ಟು ಎದುರಿಗೆ ನಿಲ್ಲುತ್ತಾಳೆ. ಅನ್ನವ್ವ ನುಂಗಿ, ನಾಲಿಗೆ ಎತ್ತಿ ತೋರಿಸಿ, ಗೋಡೆಯ ಕಡೆ ಹೊರಳಿ ಮಲಗುತ್ತಾಳೆ. ಮಗಳೊಂದಿಗೆ ಮಾತು ಬಿಟ್ಟು ಎಂಟು ತಿಂಗಳಾಯಿತು.